ಏಕಶೃಂಗಿ ಮತ್ತು ತಟ್ಟುಕುದುರೆ

ಏಕಶೃಂಗಿ ಅಥವಾ ಯೂನಿಕಾರ್ನ್ ಎಂದರೆ ಹಣೆಯ ನಡುವೆ ಒಂದೇ ಕೊಂಬಿರುವ ಕಾಲ್ಪನಿಕ ಪ್ರಾಣಿ. ತಟ್ಟು ಅಥವಾ ಪೋನಿ ಎಂದರೆ ಗಿಡ್ಡ ಜಾತಿಯ ಕುದುರೆ. ಈಗಿನ ಮಕ್ಕಳ ಶಾಲಾ ಚೀಲ, ಬಣ್ಣದ ಪುಸ್ತಕ, ಹುಟ್ಟುಹಬ್ಬದ ಕೇಕುಗಳ ಮೇಲೆ ನೋಡಿದರೆ ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಕೊಂಬು ಮಾತ್ರ. ಈ ಹೋಲಿಕೆ ತೀರ ಈಚಿನದು. ಏಕಶೃಂಗಿ ತನ್ನ ದೀರ್ಘ ಇತಿಹಾಸದಲ್ಲಿ ಕತ್ತೆಯಾಗಿತ್ತು, ಆಡಿನ ಮರಿಯಾಗಿತ್ತು, ಘೇಂಡಾಮೃಗವೂ ಆಗಿತ್ತು. ಪೂರ್ತಿ ಕುದುರೆಯಾದದ್ದು ಕಟ್ಟಕಡೆಗೆ. ಹಳೆಯ ಚಿತ್ರಗಳಲ್ಲಿ ಎರಡನ್ನೂ ಬೇರೆ ಮಾಡಿ ಗುರುತಿಸಲು ಕೊಂಬಿಗಿಂತ ಗೊರಸು ಹೆಚ್ಚು ನೆರವಾಗುತ್ತದೆ.

ಮೊದಲು ತಟ್ಟುವಿನ ಮಾತು, ಅದು ಸುಲಭ. ತಟ್ಟು ಬೇರೆ ಪ್ರಾಣಿಯಲ್ಲ, ಕುದುರೆಯೇ. ಹೆಗಲ ದಿಬ್ಬದವರೆಗಿನ ಎತ್ತರವನ್ನು ‘ಹ್ಯಾಂಡ್’ ಎಂಬ 4 ಅಂಗುಲದ ಅಳತೆಯಲ್ಲಿ ಎಣಿಸುವುದು ರೂಢಿ, ಸಾಮಾನ್ಯವಾಗಿ 14.2 ಹ್ಯಾಂಡ್‌ಗಿಂತ ಗಿಡ್ಡವಾದದ್ದು ತಟ್ಟು. ಇಲ್ಲಿನ ಚುಕ್ಕೆ ದಶಮಾಂಶದ್ದಲ್ಲ. 14 ಹ್ಯಾಂಡ್ ಮೇಲೆ 2 ಅಂಗುಲ, ಒಟ್ಟು 58 ಅಂಗುಲ ಎಂದರ್ಥ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಲಾಳವಿಲ್ಲದೆ 148 ಸೆಂ.ಮೀ. ಮಿತಿ. ಆದರೆ ಎತ್ತರವೊಂದೇ ಲೆಕ್ಕವಲ್ಲ. ಗಿಡ್ಡ ಕಾಲು, ದಪ್ಪ ಕತ್ತು, ದಟ್ಟವಾದ ಜೂಲು, ಒಣಹುಲ್ಲು ತಿಂದೇ ಗಟ್ಟಿಮುಟ್ಟಾಗಿರುವ ಗುಣ, ಇವೂ ಸೇರಬೇಕು. ಐಸ್‌ಲ್ಯಾಂಡಿನ ಕುದುರೆ ಅಳತೆಯಲ್ಲಿ ತಟ್ಟುವೇ ಆದರೂ ಅಲ್ಲಿಯವರು ಅದನ್ನು ಕುದುರೆಯೆಂದೇ ಕರೆಯುತ್ತಾರೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ತಟ್ಟು 42 ಅಂಗುಲ ಮೀರುವಂತಿಲ್ಲ. ಇಂದಿನ ಪೋಲೊ ಆಟಕ್ಕೆ ಮೂಲವಾದದ್ದು ಮಣಿಪುರದ ತಟ್ಟು. ಅಲ್ಲಿಯ ಆಟವನ್ನು ಕಂಡ ಬ್ರಿಟಿಷರು 1862ರಲ್ಲಿ ಕಲ್ಕತ್ತ ಪೋಲೊ ಕ್ಲಬ್ ಕಟ್ಟಿದರು. ನಮ್ಮ ಜಟಕಾ ಗಾಡಿಗಳಿಗೆ ಹೂಡುತ್ತಿದ್ದುದೂ ಬಹುಮಟ್ಟಿಗೆ ಇಂಥವನ್ನೇ. ಯಾವ ತಟ್ಟುವಾದರೂ ಸರಿ, ಕಾಲಿಗೆ ಒಂದೇ ಇಡಿಗೊರಸು.

ಏಕಶೃಂಗಿಯ ವಿಷಯ ಹಾಗಲ್ಲ. ಒಂಟಿಕೊಂಬಿನ ಪ್ರಾಣಿಯ ಅತಿ ಹಳೆಯ ಚಿತ್ರಗಳಲ್ಲಿ ಕೆಲವು ಸಿಂಧೂ ಕಣಿವೆಯವು. ಮೊಹೆಂಜೊದಾರೊ, ಹರಪ್ಪಗಳಲ್ಲಿ ಸಿಕ್ಕ ಬಳಪದ ಕಲ್ಲಿನ ಮುದ್ರೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಕಾಣಿಸುವುದು ಇದೇ. ಮುದ್ರೆಯನ್ನು ಹತ್ತಿರದಿಂದ ನೋಡಿದರೆ ದನದ ಮೈ, ನೀಳ ಬಾಲ, ಮುಂದಕ್ಕೆ ಬಾಗಿ ಮೇಲೇರಿದ ಕೊಂಬು, ಮೂತಿಯ ಕೆಳಗೆ ಯಾವುದೋ ವಿಧಿಗೆ ಬಳಸುತ್ತಿದ್ದಂತೆ ತೋರುವ ಕಂಬದ ಪಾತ್ರೆ. ಪಕ್ಕದಿಂದ ಬಿಡಿಸಿದ್ದರಿಂದ ಎರಡನೆಯ ಕೊಂಬು ಮರೆಯಾಗಿದೆ, ಇದು ಬರೀ ಹೋರಿ ಎಂದವರುಂಟು. ಆದರೆ ಒಂದೇ ಕೊಂಬಿನ ಮಣ್ಣಿನ ಬೊಂಬೆಗಳೂ ದೊರೆತ ಮೇಲೆ ಆ ವಾದ ಸಡಿಲವಾಯಿತು.

ಯುರೋಪಿನ ಏಕಶೃಂಗಿಗೂ ತವರು ಭಾರತವೇ, ಕಡೇಪಕ್ಷ ಕೇಳಿದ ಮಾತಿನಲ್ಲಿ. ಪರ್ಷಿಯದ ಅರಸನ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೀಸಿಯಸ್, ಕ್ರಿ.ಪೂ. 400ರ ಸುಮಾರಿಗೆ ಭಾರತದ ಬಗ್ಗೆ ಒಂದು ಪುಸ್ತಕ ಬರೆದ. ಈ ಕಡೆ ಅವನು ಕಾಲಿಟ್ಟವನೇ ಅಲ್ಲ. ಭಾರತದಲ್ಲಿ ಬಿಳಿ ಮೈಯ, ಕೆಂಪು ತಲೆಯ, ನೀಲಿ ಕಣ್ಣಿನ ಕಾಡುಕತ್ತೆಗಳಿವೆ, ಅವುಗಳ ಹಣೆಯ ಕೊಂಬು ಬುಡದಲ್ಲಿ ಬಿಳಿ, ನಡುವೆ ಕಪ್ಪು, ತುದಿಯಲ್ಲಿ ಕಡುಗೆಂಪು, ಆ ಕೊಂಬಿನಲ್ಲಿ ಕುಡಿದವರಿಗೆ ವಿಷ ತಗಲದು ಎಂದ. ಘೇಂಡಾಮೃಗದ ಸುದ್ದಿ ಬಾಯಿಂದ ಬಾಯಿಗೆ ದಾಟಿ ಹೀಗಾಗಿರಬೇಕು. ಅರಿಸ್ಟಾಟಲ್ ಇದನ್ನು ಗೊರಸಿನ ಪ್ರಶ್ನೆಯಾಗಿಯೇ ತೆಗೆದುಕೊಂಡ: ಒಂದೇ ಕೊಂಬಿರುವ ಪ್ರಾಣಿಗಳಲ್ಲಿ ಭಾರತದ ಕತ್ತೆಗೆ ಇಡಿಗೊರಸು, ಓರಿಕ್ಸ್ ಎಂಬ ಜಿಂಕೆಗೆ ಸೀಳುಗೊರಸು ಎಂದು ಬರೆದ. ಪ್ಲಿನಿ ಕುದುರೆಯ ಮೈಗೆ ಆನೆಯ ಕಾಲು ಅಂಟಿಸಿದ. ಹೀಬ್ರೂ ಬೈಬಲ್ಲಿನ ‘ರೆಎಮ್’ ಎಂಬ ಕಾಡುಗೂಳಿಯನ್ನು ಗ್ರೀಕಿಗೆ ತಂದವರು ಅದಕ್ಕೆ ಒಂಟಿಕೊಂಬಿನದು ಎಂಬ ಹೆಸರಿಟ್ಟರು. ಅಲ್ಲಿಂದ ಪ್ರಾಣಿಗೆ ಧರ್ಮಗ್ರಂಥದ ಮುದ್ರೆಯೂ ಬಿತ್ತು, ಇಲ್ಲವೆನ್ನುವುದು ಕಷ್ಟವಾಯಿತು.

ಅನಂತರ ಗ್ರೀಕಿನಲ್ಲಿ ಹುಟ್ಟಿದ ‘ಫಿಸಿಯೊಲೊಗಸ್’ ಎಂಬ ಪ್ರಾಣಿಕಥಾ ಸಂಗ್ರಹದಲ್ಲಿ ಏಕಶೃಂಗಿ ಆಡಿನ ಮರಿಯಷ್ಟು ಪುಟ್ಟದು, ಆದರೂ ಬೇಟೆಗಾರರ ಕೈಗೆ ಸಿಕ್ಕದು. ಕನ್ಯೆಯೊಬ್ಬಳು ಕುಳಿತಿದ್ದರೆ ತಾನಾಗಿ ಬಂದು ಅವಳ ಮಡಿಲಿಗೆ ಒರಗುತ್ತದೆ. ಕನ್ನಡದ ಓದುಗರಿಗೆ ಇಲ್ಲಿ ಋಷ್ಯಶೃಂಗನ ನೆನಪಾಗದೆ ಇರದು. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ತಲೆಯ ಮೇಲೆ ಕೊಂಬು ಹೊತ್ತು, ಹೆಣ್ಣಿನ ಮೋಹಕ್ಕೆ ಸಿಕ್ಕಿ ಅಂಗ ದೇಶಕ್ಕೆ ಹೋಗಿ ಮಳೆ ತರಿಸಿದ ಋಷಿಕುಮಾರ ಅವನು. ಬೌದ್ಧರ ‘ಮಹಾವಸ್ತು’ವಿನಲ್ಲಿ ಅವನ ಹೆಸರೇ ಏಕಶೃಂಗ. ಎರಡು ಕಥೆಗಳಿಗೂ ಮೂಲ ಒಂದೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರ ದೇವಾಲಯದಲ್ಲಿ ಈಗಲೂ ಮಳೆಗಾಗಿ ಪೂಜೆ ನಡೆಯುತ್ತದೆ.

ಕ್ಟೀಸಿಯಸ್ ಹೇಳಿದ ಮೂರು ಬಣ್ಣದ ಮೋಟು ಕೊಂಬು ಉದ್ದವಾಗಿ, ಬಿಳಿಯಾಗಿ, ತಿರುಚಿಕೊಂಡದ್ದು ಕಡಲಿನಿಂದ. ಉತ್ತರ ಧ್ರುವ ಸಾಗರದ ನಾರ್ವಾಲ್ ಎಂಬ ತಿಮಿಂಗಿಲ ಜಾತಿಯ ಗಂಡಿಗೆ ಎಡಗಡೆಯ ಹಲ್ಲೊಂದು ತುಟಿ ಸೀಳಿಕೊಂಡು ಹೊರಗೆ ಬೆಳೆಯುತ್ತದೆ. ಎರಡೂವರೆ ಮೀಟರ್ ದಾಟುವುದೂ ಉಂಟು. ಉತ್ತರದ ವ್ಯಾಪಾರಿಗಳು ಈ ದಂತವನ್ನು ಏಕಶೃಂಗಿಯ ಕೊಂಬೆಂದು ಮಾರಿದರು. ಅರಮನೆಗಳಲ್ಲಿ ಊಟಕ್ಕೆ ಮುನ್ನ ಅದರ ತುಂಡನ್ನು ಪಾನಪಾತ್ರೆಗೆ ಅದ್ದಿ ವಿಷವಿದೆಯೇ ಎಂದು ನೋಡುತ್ತಿದ್ದರು. ಅದರ ಪುಡಿಯ ಔಷಧಗುಣವನ್ನು ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ 1582ರಲ್ಲೇ ಅಲ್ಲಗಳೆದ. 1638ರಲ್ಲಿ ಕೋಪನ್‌ಹೇಗನ್ನಿನ ಓಲೆ ವೋರ್ಮ್, ತಲೆಬುರುಡೆಯ ಸಮೇತ ದಂತವನ್ನು ಪರೀಕ್ಷಿಸಿ ಇದು ಸಮುದ್ರಪ್ರಾಣಿಯ ಹಲ್ಲೆಂದು ತೋರಿಸಿಕೊಟ್ಟ. ಇಷ್ಟಾದರೂ ಅದೇ ಊರಿನಲ್ಲಿ, ಅದಾದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ, ಡೆನ್ಮಾರ್ಕಿನ ಅರಸರು ಅವೇ ದಂತಗಳನ್ನು ಕಂಬಗಳಂತೆ ಜೋಡಿಸಿ ಸಿಂಹಾಸನ ಮಾಡಿಸಿಕೊಂಡರು! 1671ರಲ್ಲಿ ಐದನೆಯ ಕ್ರಿಶ್ಚಿಯನ್ ಅದರ ಮೇಲೆ ಕುಳಿತು ಅಭಿಷೇಕಗೊಂಡ. ಅದು ಈಗಲೂ ರೋಸೆನ್‌ಬೊರ್ಗ್ ಕೋಟೆಯಲ್ಲಿದೆ.

ಕೊಂಬು ಹೀಗೆ ಬದಲಾದರೂ ಮೈ ಆಡಿನ ನೆನಪನ್ನು ಬಿಡಲಿಲ್ಲ. ಪ್ಯಾರಿಸಿನ ಕ್ಲೂನಿ ಸಂಗ್ರಹಾಲಯದಲ್ಲಿ 1500ರ ಸುಮಾರಿನ ಆರು ನೇಯ್ದ ಪರದೆಗಳಿವೆ. ಅವುಗಳಲ್ಲಿ ಒಂದರಲ್ಲಿ ಏಕಶೃಂಗಿ ಮುಂಗಾಲುಗಳನ್ನು ಹೆಂಗಸಿನ ತೊಡೆಯ ಮೇಲಿಟ್ಟು ಅವಳು ಹಿಡಿದ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದೆ. ಗಲ್ಲದ ಕೆಳಗೆ ಆಡಿನ ಗಡ್ಡ, ಕಾಲಿಗೆ ಸೀಳುಗೊರಸು. ತಟ್ಟು ಇಂಥ ಬಿಂಕ ಮಾಡಿದ್ದನ್ನು ಯಾವ ನೇಕಾರನೂ ನೇಯ್ದಂತಿಲ್ಲ.

19ನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೆ ಹಿಡಿದದ್ದೂ ಗೊರಸನ್ನೇ. ಸೀಳುಗೊರಸಿನ ಪ್ರಾಣಿಗಳ ಹಣೆಯ ಮೂಳೆ ನಡುವೆ ಎರಡು ಭಾಗವಾಗಿರುತ್ತದೆ, ಆ ಬೆಸುಗೆಯ ಮೇಲೆ ಕೊಂಬು ಏಳಲಾರದು ಎಂದು ಅವನ ವಾದ. ಶತಮಾನ ಕಳೆದ ಮೇಲೆ, 1933ರಲ್ಲಿ, ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡವ್ ಆಗತಾನೇ ಹುಟ್ಟಿದ ಏರ್‌ಶೈರ್ ಹೋರಿಗರುವಿನ ಎರಡು ಕೊಂಬಿನ ಮೊಗ್ಗುಗಳನ್ನು ಹಣೆಯ ನಡುವಿಗೆ ತಂದು ಒಂದುಗೂಡಿಸಿದ. ಮೊಗ್ಗು ಎಳೆತನದಲ್ಲಿ ಚರ್ಮದ ಭಾಗ, ಮೂಳೆಗೆ ಅಂಟಿರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೋರಿ ಒಂದೇ ಕೊಂಬಿನೊಂದಿಗೆ ಬೆಳೆಯಿತು. ‘ಅವನಿಗೇನು ಕೊಂಬು ಬಂದಿದೆಯಾ’ ಎಂದು ನಾವು ಕೇಳುವ ಮಾತಿಗೆ ಆ ಹೋರಿ ಹೌದೆನ್ನಬಹುದಿತ್ತು. ಮಂದೆಗೆ ಮುಂದಾಳಾದದ್ದೂ ಅದೇ.

ಏಕಶೃಂಗಿಯನ್ನು ತಟ್ಟುವಾಗಿಸಿದ್ದು ಮುಖ್ಯವಾಗಿ 20ನೆಯ ಶತಮಾನದ ಆಟಿಕೆ ಮತ್ತು ಟಿ.ವಿ. ಪೀಟರ್ ಬೀಗಲ್ 1968ರ ‘ದಿ ಲಾಸ್ಟ್ ಯೂನಿಕಾರ್ನ್’ ಕಾದಂಬರಿಯಲ್ಲಿ ಸೀಳುಗೊರಸನ್ನು ಉಳಿಸಿಕೊಂಡಿದ್ದ. 1980ರ ದಶಕದಲ್ಲಿ ಹ್ಯಾಸ್‌ಬ್ರೊ ಕಂಪನಿಯ ‘ಮೈ ಲಿಟಲ್ ಪೋನಿ’ ಬೊಂಬೆಗಳಲ್ಲಿ ಅದೂ ಹೋಯಿತು, ಗಡ್ಡವೂ ಹೋಯಿತು. 2010ರ ಟಿ.ವಿ. ಸರಣಿಯಲ್ಲಂತೂ ಏಕಶೃಂಗಿ ಎಂಬುದು ತಟ್ಟುಗಳ ಒಂದು ಕುಲ: ಬರಿಯ ತಟ್ಟು ನೆಲ ಉಳುತ್ತದೆ, ರೆಕ್ಕೆಯದು ಹಾರುತ್ತದೆ, ಕೊಂಬಿನದು ಮಾಟ ಮಾಡುತ್ತದೆ. ರೆಕ್ಕೆ ಕೊಂಬು ಎರಡೂ ಇದ್ದರೆ ‘ಆಲಿಕಾರ್ನ್’. ಈ ಪದ ಹಿಂದೆ ಪ್ರಾಣಿಯದಾಗಿರಲಿಲ್ಲ, ಬರೀ ಕೊಂಬಿನ ಹೆಸರಾಗಿತ್ತು. ಬೆಂಗಳೂರಿನ ಪತ್ರಿಕೆಗಳು ನೂರು ಕೋಟಿ ಡಾಲರ್ ಬೆಲೆಯ ಹೊಸ ಕಂಪನಿಗಳನ್ನು ಯೂನಿಕಾರ್ನ್ ಎನ್ನುವುದು 2013ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಳಕೆ.

ಹಳೆಯ ರೂಪ ಉಳಿದಿರುವುದು ರಾಜಲಾಂಛನದಲ್ಲಿ. ಏಕಶೃಂಗಿ ಸ್ಕಾಟ್ಲೆಂಡಿನ ಪ್ರಾಣಿ. 1603ರಲ್ಲಿ ಅಲ್ಲಿಯ ಅರಸ ಜೇಮ್ಸ್ ಇಂಗ್ಲೆಂಡಿಗೂ ಅರಸನಾದಾಗ ಅದು ಸಿಂಹದ ಎದುರು ಬಂದು ನಿಂತಿತು. ಬ್ರಿಟಿಷ್ ಪಾಸ್‌ಪೋರ್ಟಿನ ರಟ್ಟಿನ ಮೇಲೆ ಇಂದಿಗೂ ಅದು ಕತ್ತಿಗೆ ಕಿರೀಟ, ಮೈಗೆ ಸರಪಳಿ, ಗಲ್ಲಕ್ಕೆ ಗಡ್ಡ, ಸಿಂಹದಂಥ ಬಾಲದೊಂದಿಗೆ ಸೀಳುಗೊರಸಿನ ಮೇಲೆಯೇ ನಿಂತಿದೆ.