ಬಾಣಂತಿ ಕೋಣೆಯ ಬೆಂಕಿ

ಹೋದ ವರ್ಷ ಗೌರಿ ಹಬ್ಬದ ಮಾರನೆಯ ದಿನ ಕೆನಡಾದ ಕ್ಯಾಲ್ಗರಿಯಿಂದ ಮಗಳು ಫೋನ್ ಮಾಡಿದಳು. ಜನವರಿಯಲ್ಲಿ ಅವಳಿಗೆ ಹೆರಿಗೆ. ಬಾಣಂತನಕ್ಕೆ ಹೊರಡಬೇಕಾದ ನನ್ನ ಹೆಂಡತಿ ಆಗಲೇ ಅಂಟಿನುಂಡೆಗೆ ಕೊಬ್ಬರಿ, ಕಷಾಯಕ್ಕೆ ಹಿಪ್ಪಲಿ, ಸಾಂಬ್ರಾಣಿ ಎಲ್ಲ ಗಂಟು ಕಟ್ಟತೊಡಗಿದ್ದಳು. ಫೋನಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಇದ್ದಿಲು ಸಿಗುತ್ತೇನೇ? ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡಬೇಕಲ್ಲ."

ಮಗಳು ನಕ್ಕಳು. ಅವರು ಹೊಸದಾಗಿ ಕೊಂಡ ಹಳೇ ಮನೆಯ ಹಜಾರದಲ್ಲಿ ಇಟ್ಟಿಗೆಯ ಬೆಂಕಿಗೂಡು ಇದೆಯಂತೆ. ಸೌದೆ ಉರಿಸುವಂಥದ್ದು. ಅದನ್ನು ತೆಗೆಸಿ ಗ್ಯಾಸಿನದು ಹಾಕಿಸಬೇಕು, ಅಂಗಡಿಯವರು ಮೂರು ಬಗೆ ತೋರಿಸಿದ್ದಾರೆ, ಯಾವುದು ಎಂದು ತಿಳಿಯುತ್ತಿಲ್ಲ. "ಅಪ್ಪಾ, ನೀವು ಹಿಸ್ಟರಿ ಮೇಷ್ಟ್ರಲ್ವಾ, ಓದಿ ಹೇಳಿ" ಅಂದಳು. ತಮಾಷೆಗೆ ಅಂದದ್ದು. ನಾನು ನಿಜಕ್ಕೂ ಓದಲು ಕೂತೆ. ಅದಕ್ಕೆ ಕಾರಣ ನನ್ನ ಚಿಕ್ಕಮ್ಮ.

ಹಾಸನವನ್ನು ಬಡವರ ಊಟಿ ಎನ್ನುತ್ತಾರೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಊರು. ಪುಷ್ಯ ಮಾಸದ ಬೆಳಗ್ಗೆ 14-15 ಡಿಗ್ರಿಗೆ ಇಳಿದರೆ ನಾವು ಮಂಕಿ ಟೋಪಿ ಹುಡುಕುತ್ತೇವೆ. ಇಷ್ಟು ಚಳಿಗೆ ಗೋಡೆಯೊಳಗೆ ಬೆಂಕಿಗೂಡು ಕಟ್ಟುವ ಅಗತ್ಯ ನಮ್ಮವರಿಗೆ ಕಾಣಲಿಲ್ಲ. ನಮ್ಮ ಬೆಂಕಿ ಮೂರು ಕಡೆ ಇರುತ್ತಿತ್ತು: ಅಡುಗೆಮನೆಯ ಕೋಡೊಲೆಯಲ್ಲಿ, ಬಚ್ಚಲ ಹಂಡೆಯ ಕೆಳಗೆ, ಕಣ ಕಾಯುವವರ ಮುಂದೆ. ನಾಲ್ಕನೆಯದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಅಗ್ಗಿಷ್ಟಿಕೆ. ಸಂಸ್ಕೃತದ ಅಗ್ನಿಷ್ಠಿಕೆ ನಮ್ಮ ಬಾಯಲ್ಲಿ ಸವೆದು ಹೀಗಾಗಿದೆ. ಮಣ್ಣಿನದೋ ಕಬ್ಬಿಣದ್ದೋ ಒಂದು ಬಾಂಡಲಿ, ಅದರಲ್ಲಿ ನಿಗಿನಿಗಿ ಕೆಂಡ. ಅಕ್ಕಸಾಲಿಗನಿಗೂ ಅದೇ, ಬಾಣಂತಿಗೂ ಅದೇ.

1968ರ ಜನವರಿಯಲ್ಲಿ ನಾನು ಹೊಳೆನರಸೀಪುರದಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಅಮ್ಮನ ಕೊನೆಯ ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದರು. ನಡುಮನೆಯ ಪಕ್ಕದ ಕತ್ತಲೆ ಕೋಣೆ. ಹೇಮಾವತಿಯ ಮೇಲಿನ ಗಾಳಿ ಸೋಕಬಾರದೆಂದು ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದರು. ಬಾಗಿಲ ಸಂದಿಗೆ ಹಳೇ ಸೀರೆ. ಮಂಚದ ಕೆಳಗೆ ಅಗ್ಗಿಷ್ಟಿಕೆ. ಇದ್ದಿಲಿನ ಕೆಂಡಕ್ಕೆ ಹೊಗೆ ಇಲ್ಲ, ಆದ್ದರಿಂದ ಅದು ಒಳ್ಳೆಯದು ಎಂಬುದು ಅಜ್ಜಿಯ ಲೆಕ್ಕ. ಹನ್ನೊಂದನೆಯ ದಿನ ಬೆಳಗ್ಗೆ ಚಿಕ್ಕಮ್ಮ ಏಳಲಿಲ್ಲ. ಬಾಗಿಲು ತೆಗೆದು ಅಂಗಳಕ್ಕೆ ಎತ್ತಿಕೊಂಡು ಬಂದಾಗ ವಾಂತಿ ಮಾಡಿಕೊಂಡು, ತಲೆ ಸಿಡಿಯುತ್ತಿದೆ ಎಂದು ಕಣ್ಣುಬಿಟ್ಟರು. ಮಗು ಬಿಡಲಿಲ್ಲ. ಅದರ ಕೆನ್ನೆ ಕೆಂಪಗೆ, ನಿದ್ದೆ ಮಾಡಿದಂತೆ ಇತ್ತು. ಬಾಲಗ್ರಹ ಅಂದರು ಕೆಲವರು. ಮೈಮರೆತು ಮಲಗಿ ಮಗುವಿನ ಮೇಲೆ ಹೊರಳಿದಳು ಅಂದರು ಇನ್ನು ಕೆಲವರು, ಚಿಕ್ಕಮ್ಮನಿಗೆ ಕೇಳಿಸುವಂತೆಯೇ.

ನಾನು ಡಿಗ್ರಿ ಓದುವಾಗ ರೂಮ್‌ಮೇಟ್ ಒಬ್ಬನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರು ಕಂಡೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಧಾರಾಳವಾಗಿ ಬರುತ್ತದೆ. 1857ರ ಸುಮಾರಿಗೆ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ ಎಂದು ತೋರಿಸಿದ್ದ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಂಟಿಕೊಳ್ಳುತ್ತದೆ. ಹಾಗೆ ಸತ್ತವರ ಮೈ ಕೆಂಪಗಿರುತ್ತದೆ. ಅಷ್ಟು ಓದಿ ಪುಸ್ತಕ ಮುಚ್ಚಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಚಿಕ್ಕಮ್ಮನಿಗೆ ಆಮೇಲೆ ಮೂವರು ಮಕ್ಕಳಾಗಿದ್ದರು, ಹಳೆಯದನ್ನು ಕೆದಕುವುದೇಕೆ ಎಂದುಕೊಂಡೆ. ಆ ನೆಪ ಐವತ್ತು ವರ್ಷ ಬಾಳಿತು.

ಮನುಷ್ಯ ಬೆಂಕಿಯನ್ನು ಮನೆಯೊಳಗೆ ತಂದದ್ದು ಹಳೆಯ ಕಥೆ. ಅದರ ಹೊಗೆಯನ್ನು ಹೊರಗೆ ಹಾಕಲು ಕಲಿತದ್ದು ಬಹಳ ತಡವಾಗಿ, ಅದೂ ಅರೆಬರೆ. ನಮ್ಮ ಜಿಲ್ಲೆಗೆ ಯುರೋಪಿನ ಬೆಂಕಿಗೂಡು ಬಂದದ್ದು ಕಾಫಿಯ ಜೊತೆ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿಗಳ ಬಗ್ಗೆ 1894ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಅಂಥ ದೊರೆಗಳ ಕಾಲದ ಬಂಗಲೆಯೊಂದರಲ್ಲಿ ಸಕಲೇಶಪುರದ ಹತ್ತಿರ ನಾನೊಮ್ಮೆ ಉಳಿದಿದ್ದೆ. ಮಳೆಗಾಲ. ಗೋಡೆಯ ಗೂಡಿನಲ್ಲಿ ದೊಡ್ಡ ಕೊರಡು ಉರಿಯುತ್ತಿತ್ತು. ಮುಖ ಬೇಯುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಕೋಣೆಯ ಬೆಚ್ಚನೆ ಗಾಳಿಯನ್ನೆಲ್ಲ ಚಿಮಣಿಯೇ ಹೀರಿ ಆಕಾಶಕ್ಕೆ ಉಗುಳುತ್ತಿತ್ತು. ಈ ದೋಷಕ್ಕೆ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಕಬ್ಬಿಣದ ಒಲೆ ಮಾಡಿ ನೋಡಿದ. 1796ರಲ್ಲಿ ಕೌಂಟ್ ರಂಫರ್ಡ್ ಗೂಡಿನ ಆಳ ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಹೊಗೆ ಹೋಗುವ ಕುತ್ತಿಗೆಯನ್ನು ಕಿರಿದು ಮಾಡಿದ. ಇಷ್ಟಾದರೂ ಬೆಂಕಿ ಉಸಿರಾಡುತ್ತಿದ್ದದ್ದು ಮನೆಯವರು ಉಸಿರಾಡುವ ಗಾಳಿಯನ್ನೇ.

ಬೆಂಕಿಯ ಉಸಿರನ್ನೂ ಕೋಣೆಯ ಉಸಿರನ್ನೂ ಬೇರ್ಪಡಿಸಿದ ವ್ಯವಸ್ಥೆಯನ್ನು ನಾನು ಮೊದಲು ನೋಡಿದ್ದು ಮನೆಯಲ್ಲಲ್ಲ, ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ. ರಾಮನಾಥಪುರದ ಕಡೆ ಹೋದವರು ನೋಡಿರುತ್ತೀರಿ, ಹೊಲದ ನಡುವೆ ಕಿಟಕಿಯಿಲ್ಲದ ಎತ್ತರದ ಕೋಣೆಗಳು. ನಮ್ಮ ಚಿಕ್ಕಪ್ಪನದೂ ಒಂದಿತ್ತು. ಕಡ್ಡಿಗೆ ಪೋಣಿಸಿದ ಹಸಿ ಎಲೆಯನ್ನು ಅಟ್ಟದ ಮೇಲೆ ಅಟ್ಟದಂತೆ ತೂಗುಹಾಕುತ್ತಾರೆ. ಒಲೆಯ ಬಾಯಿ ಗೋಡೆಯ ಹೊರಗೆ. ಒಳಗೆ ನೆಲದುದ್ದಕ್ಕೂ ತಗಡಿನ ದಪ್ಪ ಕೊಳವೆ ಸುತ್ತಿಕೊಂಡು ಹೋಗಿ ಇನ್ನೊಂದು ಕಡೆ ಹೊರಕ್ಕೆ ಏಳುತ್ತದೆ. ಹೊಗೆ ಕೊಳವೆಯೊಳಗೇ ಹರಿದು ಹೊರಟುಹೋಗುತ್ತದೆ, ಎಲೆಗೆ ಸಿಗುವುದು ಕಾವು ಮಾತ್ರ. 35 ಡಿಗ್ರಿಯ ಸುಮಾರಿನಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ 70ರ ಹತ್ತಿರ ನಡುದಂಟು ಒಣಗಬೇಕು. ಐದಾರು ರಾತ್ರಿ ಯಾರಾದರೂ ಥರ್ಮಾಮೀಟರ್ ನೋಡುತ್ತ ಕೂರಬೇಕು. ರಜೆಗೆ ಹೋದಾಗ ಆ ಪಾಳಿ ನನ್ನದು. ಕಣ್ಣು ಎಳೆದರೆ ಚಿಕ್ಕಪ್ಪ ಗದರುತ್ತಿದ್ದರು. 1839ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಟೀಫನ್ ಎಂಬ ಗುಲಾಮ ಹೀಗೆಯೇ ಕಾವಲು ಕೂತು ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಲ್ಲಿ ಇದ್ದಿಲು ತಂದು ಸುರಿದ, ಎಲೆ ಹೊಂಬಣ್ಣಕ್ಕೆ ತಿರುಗಿತು. ಅಲ್ಲಿಂದ ಶುರುವಾದ ಹೊಂಬಣ್ಣದ ಎಲೆಯ ಆಸೆ ಮುಂದೆ ಕೊಳವೆಯ ಬ್ಯಾರನ್‌ಗೆ ದಾರಿ ಮಾಡಿ, ಅರಕಲಗೂಡಿನವರೆಗೆ ಬಂತು.

ಪ್ರತಿ ಹಂಗಾಮಿಗೂ ಮುಂಚೆ ಚಿಕ್ಕಪ್ಪ ಕೊಳವೆಯ ಜೋಡಣೆಗಳಿಗೆಲ್ಲ ಮಣ್ಣು ಮೆತ್ತಿಸುತ್ತಿದ್ದರು. ಒಂದು ಸಂದಿಯಲ್ಲಿ ಹೊಗೆ ಸೋರಿದರೂ ಎಲೆಗೆ ವಾಸನೆ ಹತ್ತಿ ಹರಾಜಿನಲ್ಲಿ ದರ್ಜೆ ಬೀಳುತ್ತದೆ. ಅದೇ ಹೊತ್ತಿಗೆ ಮನೆಯಲ್ಲಿ ಚಿಕ್ಕಪ್ಪನ ಹೆಂಡತಿ ಚಿಮಣಿಯಿಲ್ಲದ ಅಡುಗೆಮನೆಯಲ್ಲಿ ಊದುಕೊಳವೆ ಹಿಡಿದು ಕೆಮ್ಮುತ್ತಿದ್ದರು. ಈ ಎರಡನ್ನೂ ದಿನವೂ ನೋಡುತ್ತಿದ್ದ ನನಗೆ ಆಗ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಆ ವಿಚಿತ್ರ ಕಂಡವರು ಬೆಂಗಳೂರಿನಲ್ಲಿದ್ದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಶುರುಮಾಡಿತು. 1980ರ ದಶಕದಲ್ಲಿ ಮೂರು ಪಾತ್ರೆಯ, ಚಿಮಣಿಯಿರುವ ಅಸ್ತ್ರ ಒಲೆ ಹಳ್ಳಿಗಳಿಗೆ ಬಂತು. ಚನ್ನರಾಯಪಟ್ಟಣದ ನನ್ನ ಮಾವನ ಮನೆಯಲ್ಲೂ ಹಾಕಿಸಿದರು. ಅತ್ತೆ ಮೊದಲ ವಾರ ಬೈದರು: ತೆಂಗಿನ ಎಡಮಟ್ಟೆ ಇಡಿಯಾಗಿ ಒಳಗೆ ಹೋಗುವುದಿಲ್ಲ, ಕಡಿದು ಹಾಕಬೇಕು. ಎರಡನೆಯ ತಿಂಗಳಿಗೆ ಅಡುಗೆಮನೆಗೆ ಸುಣ್ಣ ಬಳಿಸಿದರು. ಆ ಬಿಳುಪು ಉಳಿದದ್ದು ನೋಡಿ ಬೈಗುಳ ನಿಲ್ಲಿಸಿದರು.

ಇನ್ನು ಗ್ಯಾಸು. ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬೈಯಲ್ಲಿ ಅದನ್ನು ಅಡುಗೆಮನೆಗೆ ತಂದಿತು. ನಮ್ಮ ಹಾಸನದ ಬಾಡಿಗೆ ಮನೆಗೆ ಬರುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು, ಹೆಸರು ಬರೆಸಿ ಕಾದದ್ದು ಬೇರೆ. ಸಿಲಿಂಡರ್ ತಂದವನು ನನ್ನ ಹೆಂಡತಿಗೆ ಎರಡು ಪಾಠ ಹೇಳಿದ: ಕೊಳೆತ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡಿ, ಜ್ವಾಲೆ ಹಳದಿಯಾದರೆ ನಮಗೆ ಹೇಳಿಕಳಿಸಿ. ಆ ವಾಸನೆ ಗ್ಯಾಸಿನದಲ್ಲ, ಬೇಕೆಂದೇ ಬೆರೆಸಿದ್ದು. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ಕೆಳಗೆ ಸೋರಿ ತುಂಬಿದ್ದ ವಾಸನೆಯಿಲ್ಲದ ಗ್ಯಾಸ್ ಸಿಡಿದು ಮುನ್ನೂರರ ಹತ್ತಿರ ಮಂದಿ, ಹೆಚ್ಚಿನವರು ಮಕ್ಕಳು, ಸತ್ತರು. ಅದಾದ ಮೇಲೆ ವಾಸನೆ ಬೆರೆಸುವ ಕಾನೂನು ಬಂತು. ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ಯಾರೂ ವಾಸನೆ ಬೆರೆಸಲಾರರು. ಅದು ಕೊಳವೆಯಲ್ಲಿ ಬರುವ ವಸ್ತುವಲ್ಲ, ಬೆಂಕಿಯಲ್ಲೇ ಹುಟ್ಟುವುದು.

ಇಷ್ಟು ಓದಿಕೊಂಡು ಮಗಳು ಹೇಳಿದ ಮೂರು ಬಗೆಗೆ ಬಂದೆ. ಒಂದು, ಚಿಮಣಿಯೇ ಬೇಡದ ಗ್ಯಾಸ್ ಬೆಂಕಿ. ಅಮೆರಿಕದ ಹಲವು ಕಡೆ ಮಾರುತ್ತಾರೆ, ಕೆನಡಾದಲ್ಲಿ ಮನೆಯೊಳಗೆ ಅನುಮತಿಯಿಲ್ಲ. ನೆರೆಮನೆಯವರು ಮಾತಿಗೆ ಹೇಳಿದ್ದನ್ನು ಇವಳು ಪಟ್ಟಿಗೆ ಸೇರಿಸಿದ್ದಳು. ಎಷ್ಟು ಚೊಕ್ಕಟವಾಗಿ ಉರಿದರೂ ಅದು ನನ್ನ ಕಣ್ಣಿಗೆ ಅಜ್ಜಿಯ ಅಗ್ಗಿಷ್ಟಿಕೆಯೇ. ಎರಡು, ಹಳೇ ಗೂಡಿನಲ್ಲೇ ಪಿಂಗಾಣಿಯ ಹುಸಿ ಕೊರಡುಗಳನ್ನಿಟ್ಟು ಕೆಳಗೆ ಗ್ಯಾಸ್ ಉರಿಸುವುದು. ನೋಡಲು ಚೆಂದ, ಅಗ್ಗ. ಆದರೆ ಚಿಮಣಿಯ ಬಾಯಿ ಸದಾ ತೆರೆದಿರಬೇಕು. ಅಲ್ಲಿಗೆ ಸಕಲೇಶಪುರದ ಬಂಗಲೆ. ಮೂರನೆಯದು, ಗೂಡಿನೊಳಗೆ ಕೂರಿಸುವ, ಮುಂದೆ ಗಾಜು ಮುಚ್ಚಿದ ಉಕ್ಕಿನ ಪೆಟ್ಟಿಗೆ. ಹಳೇ ಚಿಮಣಿಯೊಳಗೆ ಎರಡು ಬಳುಕುವ ಕೊಳವೆ ಇಳಿಬಿಡುತ್ತಾರೆ. ಒಂದರಲ್ಲಿ ಹೊರಗಿನ ಗಾಳಿ ಬೆಂಕಿಗೆ ಇಳಿಯುತ್ತದೆ, ಇನ್ನೊಂದರಲ್ಲಿ ಹೊಗೆ ಮೇಲೇರುತ್ತದೆ. ಮನೆಯ ಗಾಳಿಯನ್ನು ಅದು ಮುಟ್ಟುವುದೇ ಇಲ್ಲ. ಗಾಜಿನ ಮೂಲಕ ಕಾವು ಮಾತ್ರ ಬರುತ್ತದೆ.

"ಬ್ಯಾರನ್!" ಅಂದೆ ಫೋನಿನಲ್ಲಿ. ಅವಳಿಗೆ ಅರ್ಥವಾಗಲಿಲ್ಲ, "ಮೂರನೇದು ಹಾಕಿಸು" ಎಂದು ಮತ್ತೆ ಹೇಳಬೇಕಾಯಿತು.

ನವೆಂಬರಿನಲ್ಲಿ ನಾವಿಬ್ಬರೂ ಹೋದೆವು. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದುಕೊಟ್ಟದ್ದು ಅಮೆರಿಕದ ಪ್ರವಾಸ ಕಥನ. ಅದನ್ನು ಓದಿ ಬೆಳೆದ ಹಾಸನದವನಿಗೆ ಮಂಜಿನ ನಾಡು ಪೂರ್ತಿ ಹೊಸದಾಗಿರಲಿಲ್ಲ, ಚಳಿ ಮಾತ್ರ ಯಾವ ಪುಸ್ತಕದಲ್ಲೂ ಇಷ್ಟಿರಲಿಲ್ಲ. ಕ್ಯಾಲ್ಗರಿಗೆ ಗ್ಯಾಸ್ ಬಂದದ್ದು 1912ರಲ್ಲಿ, ಬೋ ಐಲೆಂಡ್‌ನಿಂದ ಸುಮಾರು 270 ಕಿಲೋಮೀಟರ್ ಕೊಳವೆಯಲ್ಲಿ. ನಮ್ಮ ಸಿಲಿಂಡರಿನ ಗ್ಯಾಸಿನಂತೆ ನೆಲಕ್ಕೆ ಇಳಿಯುವುದಲ್ಲ ಅದು, ಗಾಳಿಗಿಂತ ಹಗುರ.

ಕೂರಿಸಲು ಬಂದ ಮೇಸ್ತ್ರಿ ಮೊದಲು ಪುರಸಭೆಯ ಪರವಾನಗಿ ಗೋಡೆಗೆ ಅಂಟಿಸಿದ. ಗ್ಯಾಸಿನ ಕೊಳವೆಗೆ ಗಾಳಿ ತುಂಬಿ ಸೋರಿಕೆ ಇದೆಯೇ ಎಂದು ನೋಡಿದ. ಆಮೇಲೆ ಗ್ಯಾಸ್ ಬರುವ ರಂಧ್ರವನ್ನು ತೋರಿಸಿ, ಇದು ಎತ್ತರದ ಊರು, ಗಾಳಿ ತೆಳು, ಎರಡು ಸಾವಿರ ಅಡಿ ದಾಟಿದರೆ ಉರಿಯನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಬೇಕು ಎಂದ. ಕ್ಯಾಲ್ಗರಿ ಹಾಸನಕ್ಕಿಂತ ಕೆಲವು ನೂರು ಅಡಿಯಷ್ಟೇ ಎತ್ತರ ಎಂದು ಆಗ ಹೊಳೆಯಿತು. ಕರೆಂಟು ಹೋದರೂ ಹೊತ್ತಲಿ ಎಂದು ಬ್ಯಾಟರಿಯಿರುವ ಕಿಡಿ ಯಂತ್ರ ಆರಿಸಿದ್ದರು. ಗಾಜು ಮುಟ್ಟಿದರೆ ಸುಡುವಷ್ಟು ಕಾಯುತ್ತದೆ, ಎಳೆ ಮಕ್ಕಳು ಅಂಗೈ ಸುಟ್ಟುಕೊಂಡ ಪ್ರಕರಣಗಳಾದ ಮೇಲೆ 2015ರಿಂದ ಮುಂದೆ ಜಾಲರಿ ಕಡ್ಡಾಯವಾಗಿದೆ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಕಂಡರೆ ಕೂಗುವ ಬಿಳಿ ಡಬ್ಬಿ ಹಾಕಿದ. ಅದರ ಗುಂಡಿ ಒತ್ತಿ ಕೂಗಿಸಿ ತೋರಿಸಿದ. ನಾನು ಇನ್ನೊಂದು ಸಲ ಒತ್ತಿಸಿದೆ.

ಮೊದಲ ದಿನ ಬಣ್ಣ ಸುಡುವ ವಾಸನೆ ಬರುತ್ತದೆಂದು ಕಿಟಕಿ ತೆರೆದು ಮೂರು ಗಂಟೆ ಉರಿಸಿದೆವು. ಒಳಗೆ ಬೆಂಕಿ, ಹೊರಗಿನಿಂದ ಹಿಮದ ಗಾಳಿ. ನನ್ನ ಹೆಂಡತಿ ಇಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಜ್ವಾಲೆ ನೋಡಿ ಗಾಬರಿಯಾದಳು. "ಹಳದಿ ಉರೀತಿದೆಯಲ್ಲ, ರಿಪೇರಿಯವನಿಗೆ ಹೇಳಿ!" ಇಲ್ಲಿ ಹಳದಿಗೇ ದುಡ್ಡು ಕೊಡುತ್ತಾರೆ, ಸೌದೆಯ ಉರಿಯಂತೆ ಕಾಣಲೆಂದು ಗಾಳಿ ಬೆರೆಸುವುದನ್ನು ಹದವಾಗಿ ಕಡಿಮೆ ಮಾಡಿರುತ್ತಾರೆ ಎಂದು ಅವಳಿಗೆ ಒಪ್ಪಿಸಲು ನನಗೆ ಆಗಲೇ ಇಲ್ಲ.

ಮಗು ಹುಟ್ಟಿದ ಹನ್ನೊಂದನೆಯ ದಿನ ಹೊರಗೆ ಸೊನ್ನೆಗಿಂತ 27 ಡಿಗ್ರಿ ಕೆಳಗೆ. ಮೊಮ್ಮಗಳನ್ನು ತೋರಿಸಲು ಹೊಳೆನರಸೀಪುರಕ್ಕೆ ವಿಡಿಯೋ ಕಾಲ್ ಮಾಡಿದೆ. ಚಿಕ್ಕಮ್ಮನಿಗೆ ಈಗ ಎಪ್ಪತ್ತಾರು. ಮಗುವಿಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಹಿಂದಿನ ಬೆಂಕಿ.

"ಬಾಗ್ಲು ತೆಗೆದಿಟ್ಟಿದೀರೇನೋ?"

"ಬೇಕಾಗಿಲ್ಲ ಚಿಕ್ಕಮ್ಮ. ಇದರ ಗಾಳಿ ಒಳಗೆ ಬರಲ್ಲ, ಕೊಳವೇಲಿ ಹೊರಗೆ ಹೋಗುತ್ತೆ. ಕೆಂಡದ ಗಾಳಿ ವಿಷ. ವಾಸನೆ ಇರಲ್ಲ, ಗೊತ್ತಾಗಲ್ಲ."

ಅವರು ಸುಮ್ಮನಾದರು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

"ಹಂಗಾದ್ರೆ ಅವತ್ತು," ಅಂದರು, "ನಾನು ಹೊರಳಿದ್ದಲ್ವಾ?"

"ಅಲ್ಲ ಚಿಕ್ಕಮ್ಮ. ಅಗ್ಗಿಷ್ಟಿಕೆಯಿಂದ."

"ನಿಂಗೆ ಯಾವಾಗ ಗೊತ್ತಾಯ್ತು?"

ಕಾಲೇಜಿನಲ್ಲಿದ್ದಾಗ ಎಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಕೂಸಿನ ಮುಖ ಈ ಕಡೆ ತಿರುಗಿಸು, ನೋಡ್ತೀನಿ" ಅಂದರು.