ಬಣಕಲ್‌ನಿಂದ ಆರು ತಿಂಗಳ ಅಮೆರಿಕ

ಮಲೆನಾಡಿನ ಕಾಫಿ ಹಡಗು ಹತ್ತಿ ಪರದೇಶಕ್ಕೆ ಹೋಗತೊಡಗಿ ಒಂದೂವರೆ ಶತಮಾನ ದಾಟಿದೆ. ಆ ಕಾಫಿ ಬೆಳೆದ ಮನೆಗಳವರು ಪರದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಬರುವ ರೂಢಿ ಮಾತ್ರ ತೀರ ಈಚಿನದು. ಇಂದು ಚಿಕ್ಕಮಗಳೂರು ಜಿಲ್ಲೆಯ ಬಣಕಲ್, ಕೊಟ್ಟಿಗೆಹಾರ, ಮೂಡಿಗೆರೆ ಸುತ್ತಿನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಹಳೆಯ ಪದ್ಧತಿ. ಈಗ ತವರೇ ಎದ್ದು ಮಗಳಿದ್ದಲ್ಲಿಗೆ ಹೋಗುತ್ತದೆ.

ಈ ಬೆಟ್ಟಗಳಲ್ಲಿ ದೀರ್ಘ ಪರದೇಶವಾಸ ಮೊದಲು ಶುರುವಾದದ್ದು ಎದುರು ದಿಕ್ಕಿನಿಂದ. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಎಂಬ ತರುಣ ಬ್ರಿಟನ್ನಿನಿಂದ ಬಂದು, ಮೂಡಿಗೆರೆಗೆ ನೆರೆಯ ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾವನ್ನು ಬಳಸಿ ಬರುವ ಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಮೈಸೂರು ಸೀಮೆಯ ತನ್ನ ಅನುಭವಗಳನ್ನು ಎಲಿಯಟ್ 1871ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ. 1894ರಲ್ಲಿ ಕಾಫಿ, ಶಿಕಾರಿ, ಚಿನ್ನದ ಗಣಿಗಳ ಬಗ್ಗೆ ಮತ್ತೊಂದು ಪುಸ್ತಕ ತಂದ. ಬಂದ ಬಿಳಿಯರ ಕಥೆ ಹೀಗೆ ಅಚ್ಚಾಗಿ ಉಳಿದಿದೆ.

ಕನ್ನಡಿಗರ ಕಡೆಯಿಂದ ಮೊದಲು ಹೊರಟವರಲ್ಲಿ ವಿದ್ವಾಂಸರು ಮುಂದಿದ್ದರು, ಅವರ ಕಣ್ಣು ಇಂಗ್ಲೆಂಡಿನ ಮೇಲಿತ್ತು. ವಿ. ಕೃ. ಗೋಕಾಕರು 1936ರಲ್ಲಿ ಹಡಗಿನಲ್ಲಿ ಹೊರಟು ಆಕ್ಸ್‌ಫರ್ಡ್‌ನಲ್ಲಿ ಓದಿದರು. ಆ ಸಮುದ್ರಯಾನ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಸಂಕಲನವನ್ನು ಕೊಟ್ಟಿತು. ಇದೇ ಮಲೆನಾಡಿನ ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಪುಸ್ತಕಗಳಲ್ಲಿ ಓದಿ ಮೆಚ್ಚಿದ್ದ ದೇಶದಲ್ಲಿ ಕುಳಿತು ಅವರು ಬರೆದದ್ದು ‘ಸಂಸ್ಕಾರ’; ಅದರ ಅಗ್ರಹಾರ ಮಾತ್ರ ಅಪ್ಪಟ ಮಲೆನಾಡಿನದು.

ಆ ಕಾಲದಲ್ಲಿ ವಿದ್ಯಾರ್ಥಿವೇತನ ಇಲ್ಲದವರಿಗೆ ವಿಮಾನದ ದಾರಿ ಇದ್ದೂ ಇರಲಿಲ್ಲ. ಏರ್ ಇಂಡಿಯಾ 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್‌ಗೆ, 1960ರ ಮೇನಲ್ಲಿ ನ್ಯೂಯಾರ್ಕ್‌ಗೆ ಹಾರಾಟ ಆರಂಭಿಸಿತ್ತು. ಆದರೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿಯಾಗಿತ್ತು. ವಿದೇಶ ಪ್ರಯಾಣವೂ ವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರ ಏಪ್ರಿಲ್‌ನಲ್ಲಿ. ಪಾಸ್‌ಪೋರ್ಟ್ ಕಾಯ್ದೆ ಬಂದದ್ದೂ ಅದೇ ವರ್ಷ. ವಿದೇಶಿ ವಿನಿಮಯದ ಬಿಗಿ ಇನ್ನೂ ದೊಡ್ಡದು. ಕೈಯಲ್ಲಿ ಎಂಟು ಡಾಲರ್ ಹಿಡಿದು ಅಮೆರಿಕದಲ್ಲಿ ಇಳಿದೆವೆಂದು ಆಗ ಹೋದ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ.

ಕಾಫಿ ಬೆಳೆಗಾರರ ಮಟ್ಟಿಗೆ ಇದರಲ್ಲೊಂದು ಅನ್ಯಾಯವಿತ್ತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಟ್ಟು ದಾಸ್ತಾನಿಗೆ, ಒಪ್ಪಿಸಬೇಕಿತ್ತು. ಬೋರ್ಡು ಅದನ್ನು ಮಾರಿ ದೇಶಕ್ಕೆ ಡಾಲರ್ ತರುತ್ತಿತ್ತು. ಬೆಳೆಗಾರನಿಗೆ ದುಡ್ಡು ಕಂತು ಕಂತಾಗಿ ರೂಪಾಯಿಯಲ್ಲಿ ಬರುತ್ತಿತ್ತು. ದೇಶಕ್ಕೆ ಡಾಲರ್ ಗಳಿಸಿಕೊಟ್ಟವರಿಗೆ ಆ ಡಾಲರಿನಲ್ಲಿ ಒಂದು ಪ್ರಯಾಣದ ಖರ್ಚಿಗಾಗುವಷ್ಟನ್ನು ಕೇಳುವ ದಾರಿಯೂ ಸುಲಭವಿರಲಿಲ್ಲ. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಅದಕ್ಕೆ ಮುಂಚೆ, 1994ರಲ್ಲಿ, ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಬಡಿದು ಬೆಲೆ ಏರಿತ್ತು. ಟಿಕೆಟ್ಟಿನ ದುಡ್ಡು ಅನೇಕ ಮನೆಗಳ ಕೈಗೆಟುಕಿದ್ದು ಆ ವರ್ಷಗಳಲ್ಲಿ.

ಅಷ್ಟರಲ್ಲಿ ಮಕ್ಕಳು ಹೊರಟಾಗಿತ್ತು. ಅಮೆರಿಕ 1965ರಲ್ಲಿ ವಲಸೆ ಕಾನೂನು ತಿದ್ದಿ ಏಷ್ಯಾದವರಿಗೆ ಬಾಗಿಲು ತೆರೆದಿತ್ತು. ಹಾಸನದಲ್ಲಿ 1960ರಲ್ಲೇ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. ಆಮೇಲೆ ಚಿಕ್ಕಮಗಳೂರಿಗೂ ಎಂಜಿನಿಯರಿಂಗ್ ಕಾಲೇಜು ಬಂತು. ತೋಟದ ಮನೆಯ ಹುಡುಗ ಹುಡುಗಿಯರು ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಅಮೆರಿಕಕ್ಕೆ ನಡೆದರು. ಅಮೆರಿಕದ 1990ರ ಕಾನೂನು ನುರಿತ ನೌಕರರಿಗೆ ಎಚ್-1ಬಿ ವೀಸಾ ತಂದಿತು. ವರ್ಷಕ್ಕೆ 65,000 ಇದ್ದ ಮಿತಿ 2001ರಿಂದ ಮೂರು ವರ್ಷ 1,95,000ಕ್ಕೆ ಏರಿತ್ತು.

ಮಕ್ಕಳ ಹಿಂದೆ ಹಿರಿಯರು ಹೊರಟ ಕಥೆಗೆ ಕನ್ನಡದಲ್ಲಿ ಒಳ್ಳೆಯ ದಾಖಲೆಗಳಿವೆ. 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹೇಮಾವತಿಯ ದಂಡೆಯ ಹಳ್ಳಿಗ ಅಮೆರಿಕವನ್ನು ಹೇಗೆ ಕಾಣುತ್ತಾನೆಂದು ನಾಡೇ ಓದಿತು.

ಬಣಕಲ್ ಕಡೆಯವರ ಪ್ರಯಾಣಕ್ಕೆ ಎರಡು ಗಡುವುಗಳಿವೆ. ಒಂದು ಅಮೆರಿಕದ್ದು. ಸಂದರ್ಶಕ ವೀಸಾ ಹತ್ತು ವರ್ಷದ್ದಾದರೂ, ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಆ ವೀಸಾದ ಸಂದರ್ಶನಕ್ಕೆ ಘಟ್ಟದ ಈ ಜನ ಬಹುಕಾಲದಿಂದ ಹೋಗುತ್ತಿರುವುದು ಚೆನ್ನೈಗೆ. ಇನ್ನೊಂದು ಗಡುವು ತೋಟದ್ದು. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು. ಕಣದಲ್ಲಿ ಒಣಗಿಸಿ ಮೂಟೆ ಕಟ್ಟುವಷ್ಟರಲ್ಲಿ ಫೆಬ್ರುವರಿ ಕಳೆಯುತ್ತದೆ. ಆಮೇಲೆ ಹೂಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹೂವಾಗಿ ಕಾಯಿ ಕಚ್ಚಿದ ಮೇಲೆ ಹೊರಟರೆ ಮುಂದಿನ ಕೊಯ್ಲಿಗೆ ಮೊದಲು ತಿರುಗಿ ಬರಬಹುದು. ಹೆರಿಗೆ ಮಾತ್ರ ಈ ಲೆಕ್ಕ ಕೇಳುವುದಿಲ್ಲ. ಕೊಯ್ಲಿನ ನಡುವೆಯೇ ದಿನ ತುಂಬಿದರೆ ತಾಯಿ ಒಬ್ಬಳೇ ವಿಮಾನ ಹತ್ತುತ್ತಾಳೆ, ತಂದೆ ತೋಟದಲ್ಲಿ ಉಳಿಯುತ್ತಾನೆ. ಇಂಗ್ಲಿಷ್ ಬಾರದ ಹೆಂಗಸರು ಪರದೇಶದ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸಿ, ಅಂಟಿನುಂಡೆ, ಕಾಳುಮೆಣಸು, ಕಾಫಿಪುಡಿ ಹೊತ್ತು ಮಗಳ ಮನೆ ಸೇರಿದ್ದಾರೆ. ಇದು ಸಣ್ಣ ಸಾಹಸವಲ್ಲ.

ದಾರಿಯೂ ಹತ್ತಿರವಾಗಿದೆ. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆಯಿತು. ಅಲ್ಲಿಂದ ದುಬೈಗೆ ನೇರ ವಿಮಾನ ಸಿಗಲು 2006ರವರೆಗೆ ಕಾಯಬೇಕಾಯಿತು. ಅಮೆರಿಕಕ್ಕೆ ಹೋಗುವವರು ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಹೋಗುವುದೇ ಹೆಚ್ಚು. ದೇವನಹಳ್ಳಿಯ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. 2021ರ ಜನವರಿ 11ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ನೇರ ವಿಮಾನವೊಂದು ಅಲ್ಲಿ ಇಳಿಯಿತು. ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳು.

ಎಲಿಯಟ್ ಬರೆದ, ಗೊರೂರರು ಬರೆದರು. ಬಾಣಂತನಕ್ಕೆ ಹೋದ ಬಣಕಲ್ಲಿನ ತಾಯಂದಿರ ಆರು ತಿಂಗಳು ಮಾತ್ರ ಮನೆಯ ಮಾತುಗಳಲ್ಲೇ ಉಳಿದಿದೆ. ಮಲೆನಾಡಿನ ಇತಿಹಾಸಕ್ಕೆ ಆ ಅನುಭವ ಬಿಳಿಯ ಪ್ಲಾಂಟರನ ಶಿಕಾರಿಯ ಕಥೆಗಿಂತ ಕಡಿಮೆಯದಲ್ಲ. ಅಮ್ಮನ, ಅಜ್ಜಿಯ ಹಳೆಯ ಪಾಸ್‌ಪೋರ್ಟ್, ಅಲ್ಲಿಂದ ಬರೆದ ಕಾಗದ, ತೆಗೆದ ಫೋಟೋ ಮನೆಯಲ್ಲಿದ್ದರೆ ಎಸೆಯಬೇಡಿ. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ, ಬರೆದಿಡಿ.