ಸೂಳೆಕೆರೆಯಲ್ಲಿ ಅರ್ಧ ದಿನ: ಒಂದು ಹರಿಗೋಲು, ಒಂದು ಪ್ರಶ್ನೆ

📍 ಭಾಗ 1/7 | ಪ್ರಶ್ನೆ

"ಮಾಮ, ಬೋರ್ಡಲ್ಲಿ ಶಾಂತಿಸಾಗರ ಅಂತ ಇದೆ. ಅಜ್ಜ ಯಾಕೆ ಸೂಳೆಕೆರೆ ಅಂತಾರೆ? ಅದು ಬೈಗುಳ ಅಲ್ವಾ?"

ಹರಿಗೋಲು ಹತ್ತಿ ಹತ್ತು ನಿಮಿಷ ಆಗಿತ್ತಷ್ಟೆ. ಕೇಳಿದ್ದು ನಮ್ಮಕ್ಕನ ಮಗಳು, ಬೆಂಗಳೂರಲ್ಲಿ ಐದನೇ ಕ್ಲಾಸು. ಇತಿಹಾಸದ ಪುಟ ನಡೆಸೋನು ನಾನು. ಶಾಸನ, ವೀರಗಲ್ಲು, ಮಾಸ್ತಿಕಲ್ಲು ಅಂತ ದಿನಾ ನಿಮಗೆ ಬರೀತೀನಿ. ಆದ್ರೆ ಆ ಪ್ರಶ್ನೆಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. "ಆಮೇಲೆ ಹೇಳ್ತೀನಿ ಪುಟ್ಟಿ" ಅಂದುಬಿಟ್ಟೆ.

ಹುಟ್ಟು ಹಾಕ್ತಿದ್ದ ಅಜ್ಜ ನಕ್ಕರು. "ನಾನು ಹೇಳ್ತೀನಿ ತಾಯಿ. ಮೊದ್ಲು ಕೆರೆ ನೋಡು. ಕೆರೆ ನೋಡದೆ ಹೆಸರು ತಿಳಿಯಲ್ಲ."

ಚನ್ನಗಿರಿ ತಾಲೂಕಿನ ಈ ಕೆರೆಗೆ ನಾನು ಎಷ್ಟೋ ಸಲ ಬಂದಿದ್ದೇನೆ. ಪ್ರತಿ ಸಲವೂ ಏರಿ ಮೇಲೆ ನಿಂತು, ಫೋಟೋ ತೆಗೆದು, ಸಿದ್ಧೇಶ್ವರನಿಗೆ ಕೈ ಮುಗಿದು ವಾಪಸ್. ಈ ಸಲ ಮೀನು ಹಿಡಿಯುವ ಅಜ್ಜನ ಹತ್ತಿರ ಮಾತಾಡಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹರಿಗೋಲು ನಮಗೇ ಅಂತ ಗೊತ್ತು ಮಾಡಿಕೊಂಡಿದ್ವಿ. ಸುತ್ತಾಡೋದು, ಒಂದಿಷ್ಟು ಈಜೋದು, ಹೊಟ್ಟೆ ಹಸಿದಾಗ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನೋದು. ಇಷ್ಟೇ ಪ್ಲಾನು.

ಆ ಅರ್ಧ ದಿನದಲ್ಲಿ ನೀರಿನ ಮೇಲಿಂದ ಕಂಡ ಇತಿಹಾಸವೇ ಈ ಏಳು ಪೋಸ್ಟು. ಪ್ರಶ್ನೆಗೆ ಉತ್ತರ ಆರನೇದರಲ್ಲಿ ಇದೆ. ದಯವಿಟ್ಟು ಹಾರಿಸಿ ಓದಬೇಡಿ 🙏

📍 ಭಾಗ 2/7 | ಮೋಜಿನ ನೀರು, ದಾಟುವ ನೀರು

ನಮ್ಮ ಸೀಮೆಯಲ್ಲಿ ದೋಣಿ ಅಂದ್ರೆ ಮೋಜು ಅಂತ ಯಾರಿಗೂ ಅನ್ನಿಸಿದ್ದೇ ಇಲ್ಲ.

ಮೋಜಿನ ನೀರು ನೋಡಬೇಕು ಅಂದ್ರೆ ಇದೇ ತಾಲೂಕಿನ ಸಂತೇಬೆನ್ನೂರಿಗೆ ಹೋಗಿ. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ಅದು ದೊರೆಗಳ ನೀರು.

ಜನರ ನೀರು ಬೇರೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗಿ ಹೊನ್ನಾಳಿ ಹಾದು ಹರಿಹರಕ್ಕೆ ಹೋಗುತ್ತಾಳೆ. ನ್ಯಾಮತಿ ಈಗ ಪ್ರತ್ಯೇಕ ತಾಲೂಕು, ಮೊನ್ನೆ ಮೊನ್ನೆಯವರೆಗೂ ಹೊನ್ನಾಳಿಗೇ ಸೇರಿತ್ತು. ಸೇತುವೆ ಇಲ್ಲದ ಕಾಲದಲ್ಲಿ ಈ ಹೊಳೆಸಾಲಿನ ಜನ ಸಂತೆಗೆ, ಮದುವೆಗೆ, ಸಾವಿಗೆ ಅಂತ ಆಚೆ ದಡಕ್ಕೆ ಹೋಗಬೇಕಾದ್ರೆ ಬೇಸಿಗೆಯಲ್ಲಿ ಕಾಲ್ನಡಿಗೆ, ಮಳೆಗಾಲದಲ್ಲಿ ಹರಿಗೋಲು.

ಹರಿಗೋಲು ಅಂದ್ರೆ ದೊಡ್ಡ ಬುಟ್ಟಿ, ಅಷ್ಟೇ. ಬಿದಿರಿನ ಹೆಣಿಗೆ, ಹೊರಗಡೆ ಚರ್ಮದ ಹೊದಿಕೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಇದನ್ನು ನೋಡಿ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಕೂರಬಹುದು, ನೇರ ಹೋಗೋದಿಲ್ಲ, ಸುತ್ತುತ್ತಲೇ ಇರುತ್ತೆ.

ಅದೇ ತುಂಗಭದ್ರೆ, ಅದೇ ಹರಿಗೋಲು. 500 ವರ್ಷ ಆದಮೇಲೆ ನಮ್ಮ ಅಜ್ಜನ ಹರಿಗೋಲೂ ಸುತ್ತುತ್ತಲೇ ಇತ್ತು. ಬದಲಾಗಿದ್ದು ಒಂದೇ: ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಪುಟ್ಟಿಗೆ ಮಾತ್ರ ಖುಷಿಯೋ ಖುಷಿ. "ಇನ್ನೊಂದ್ಸಲ ಬುಗುರಿ ಮಾಡಿ ಅಜ್ಜ" ಅಂತ.

📍 ಭಾಗ 3/7 | ಚನ್ನಗಿರಿಯ ಹುಲಿ, ಹರಿಗೋಲಿನ ಯುದ್ಧ

ಈ ಬುಟ್ಟಿಯಲ್ಲಿ ಒಂದು ಯುದ್ಧವೂ ನಡೆದಿದೆ. ಅದರ ಒಂದು ಕಡೆ ಇದ್ದವನು ಚನ್ನಗಿರಿಯವನೇ.

ಧೋಂಡಿಯಾ ವಾಘ್. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಹೈದರನ ಕುದುರೆ ಪಡೆಯಲ್ಲಿ ಇದ್ದವನು. ಆಮೇಲೆ ಟಿಪ್ಪುವಿನ ಕೈಗೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ. 1799ರ ಮೇ 4ಕ್ಕೆ ಪಟ್ಟಣ ಬಿತ್ತು. ಆ ಗದ್ದಲದಲ್ಲಿ ಹೊರಬಂದವನು ಚದುರಿಹೋದ ಸೈನಿಕರನ್ನು ಕೂಡಿಸಿಕೊಂಡು ತನ್ನ ಸೀಮೆಗೇ ಬಂದ. ತನಗೆ ತಾನೇ ಇಟ್ಟುಕೊಂಡ ಬಿರುದು "ಉಭಯಲೋಕಾಧೀಶ್ವರ". ಎರಡೂ ಲೋಕಕ್ಕೆ ಒಡೆಯ!

ಬ್ರಿಟಿಷರು ಬೆನ್ನು ಹತ್ತಿದಾಗ ತುಂಗಭದ್ರೆ ದಾಟಿ ಮರಾಠರ ಸೀಮೆಗೆ ತಪ್ಪಿಸಿಕೊಂಡ. ಮರುವರ್ಷ ಅವನ ಹಿಂದೆ ಹೊರಟವನು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದನಲ್ಲ, ಅದೇ ವೆಲ್ಲಿಂಗ್ಟನ್. 1800ರ ಜೂನ್ ಕೊನೆಗೆ ಅವನ ಸೈನ್ಯ ಹರಿಹರದ ಬಳಿ ಹೊಳೆ ದಾಟಿತು. ಮುಂದೆ ಮಲಪ್ರಭೆ ತುಂಬಿ ಹರಿದಾಗ ಹರಿಗೋಲು ಸಿದ್ಧವಾಗೋವರೆಗೂ ಕಾಯಬೇಕಾಯ್ತು. 1800ರ ಸೆಪ್ಟೆಂಬರ್ 10ಕ್ಕೆ ಕೋನಗಲ್ ಬಳಿ ಧೋಂಡಿಯಾ ಸತ್ತ.

ವೆಲ್ಲೆಸ್ಲಿ ಇಲ್ಲಿ ಕಲಿತ ಪಾಠ ಮರೆಯಲಿಲ್ಲ. ಕುದುರೆ ನಂಬಿದ ಸೈನ್ಯ ಮಳೆಗಾಲದಲ್ಲಿ ಹೊಳೆ ದಂಡೆಯಲ್ಲಿ ನಿಂತುಬಿಡುತ್ತೆ, ಹರಿಗೋಲು ಇದ್ದವನು ದಾಟಿಬಿಡ್ತಾನೆ. 1803ರಲ್ಲಿ ಮರಾಠರ ಮೇಲೆ ಯುದ್ಧಕ್ಕೆ ಸಿದ್ಧವಾಗುವಾಗ, ಸುಮಾರು ಹತ್ತು ಅಡಿ ಅಗಲ, ಎರಡು ಪದರ ಚರ್ಮದ ಹರಿಗೋಲು ಮಾಡಿಸಬೇಕು ಅಂತ ಅಳತೆ ಸಮೇತ ಬರೆದಿಟ್ಟ.

1868ರಲ್ಲಿ ಹರಿಹರದಲ್ಲಿ 14 ಕಮಾನಿನ ಸೇತುವೆ ಆಯ್ತು. ಒಂದೊಂದೇ ಊರಿಗೆ ಸೇತುವೆ ಬಂದ ಹಾಗೆ ಹರಿಗೋಲಿಗೆ ದಾಟಿಸುವ ಕೆಲಸ ಹೋಯ್ತು. ಉಳಿದಿದ್ದು ಮೀನು.

📍 ಭಾಗ 4/7 | ಇಷ್ಟು ದೊಡ್ಡ ಕೆರೆಗೆ ಇಷ್ಟು ಸಣ್ಣ ಏರಿ

ಈಗ ಕೆರೆಗೆ ವಾಪಸ್ ಬರೋಣ. ಹರಿಗೋಲು ನಡುನೀರಿಗೆ ಬಂತು. ಅಜ್ಜ ಹುಟ್ಟು ಎತ್ತಿ ಇಟ್ಟು, "ಈಗ ಹಿಂದಕ್ಕೆ ತಿರುಗಿ ನೋಡ್ರಿ" ಅಂದ್ರು.

ಏರಿ ಮೇಲೆ ನಿಂತಾಗ ಏರಿಯೇ ದೊಡ್ಡದಾಗಿ ಕಾಣುತ್ತೆ. ನೀರಿನಿಂದ ನೋಡಿದ್ರೆ ತಲೆಕೆಳಗು. ಮೂರು ಕಡೆ ಕಣ್ಣು ಹಾಯುವಷ್ಟು ನೀರು, ಒಂದು ಕಡೆ ಎರಡು ಗುಡ್ಡ, ಅವುಗಳ ನಡುವೆ ಒಂದು ಸಣ್ಣ ಗೆರೆ. ಆ ಗೆರೆಯೇ ಏರಿ. ಉದ್ದ ಬರೀ 950 ಅಡಿ, ಅಂದ್ರೆ 290 ಮೀಟರ್. ಸಾವಿರಾರು ಎಕರೆ ನೀರನ್ನು ಹಿಡಿದು ನಿಲ್ಲಿಸಿರೋದು ಅಷ್ಟೇ.

ಇದರ ಜಾಣತನ ಇರೋದು ಏರಿ ಕಟ್ಟಿದ್ದರಲ್ಲಿ ಮಾತ್ರ ಅಲ್ಲ, ಜಾಗ ಹುಡುಕಿದ್ದರಲ್ಲಿ. ಸುತ್ತಲಿನ ಹಳ್ಳಗಳೆಲ್ಲ ಬಂದು ಒಂದೇ ಕಣಿವೆಯಲ್ಲಿ ನುಗ್ಗಬೇಕು. ಆ ಕಣಿವೆ ಬಾಯಿ ಮುಚ್ಚಿದ್ರೆ ಸಾಕು. ಗುಡ್ಡಗಳೇ ಏರಿಯ ಕೆಲಸ ಮಾಡ್ತವೆ. ಉದ್ದ ಕಡಿಮೆ ಆಗಿದ್ದಕ್ಕೆ, ಶ್ರಮವನ್ನೆಲ್ಲ ದಪ್ಪಕ್ಕೆ, ಎತ್ತರಕ್ಕೆ ಹಾಕಿದ್ದಾರೆ.

ನೀರು ಬಿಡೋಕೆ ಎರಡು ತೂಬು: ಸಿದ್ದನಾಲೆ, ಬಸವನಾಲೆ. ಕೆರೆಯಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತೆ.

ಬೋರ್ಡುಗಳಲ್ಲಿ "ಏಷ್ಯಾದ ಎರಡನೇ ದೊಡ್ಡ ಕೆರೆ" ಅಂತ ಇರುತ್ತೆ. 1897ರ ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ಹೇಳಿದ್ದು ಸ್ವಲ್ಪ ಸಮಾಧಾನದ ಮಾತು: ದಕ್ಷಿಣ ಭಾರತದಲ್ಲಿ, ಆಂಧ್ರದ ಕಂಬಂ ಕೆರೆ ಬಿಟ್ರೆ ಇದು. ನನಗೆ ಅಷ್ಟೇ ಸಾಕು. 1860ರ ದಶಕದ ಮೈಸೂರಿನ ಎಂಜಿನಿಯರ್ ಸ್ಯಾಂಕಿ ಕೂಡ, ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದ್ರೆ ತಲೆ ಓಡಿಸಬೇಕು, ಹಳಬರು ಎಲ್ಲವನ್ನೂ ಬಳಸಿಬಿಟ್ಟಿದ್ದಾರೆ ಅನ್ನೋ ಅರ್ಥದಲ್ಲಿ ಬರೆದಿದ್ದ.

📍 ಭಾಗ 5/7 | "ಇಲ್ಲಿ ಈಜಬ್ಯಾಡ್ರಿ"

ಬಿಸಿಲು ಏರಿತ್ತು. ಲೈಫ್ ಜಾಕೆಟ್ ಹಾಕಿದ್ದೆ. ಅಂಗಿ ಬಿಚ್ಚೋಕೆ ಹೊರಟೆ. ಅಜ್ಜ ತಡೆದ್ರು.

"ಇಲ್ಲಿ ಈಜಬ್ಯಾಡ್ರಿ ಸರ. ಈ ಕಡೆ ತೂಬು ಐತೆ. ಮೇಲೆ ನೀರು ಸುಮ್ಗೆ ಐತೆ ಅನ್ಸುತ್ತೆ, ಕೆಳಗೆ ಎಳೀತೈತೆ. ಆ ಕಡೆ ಜೊಂಡು, ಕಾಲು ಸಿಗಾಕ್ಕೊಂಡ್ರೆ ನಾನೂ ಏನೂ ಮಾಡಂಗಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು: "ಮತ್ತೆ ಇದು ಕುಡಿಯೋ ನೀರು."

ಆ ಎರಡನೇ ಮಾತಿಗೆ ನಾಚಿಕೆ ಆಯ್ತು. ಈ ಕೆರೆಯ ನೀರು ಪೈಪಿನಲ್ಲಿ ಚಿತ್ರದುರ್ಗ ನಗರದವರೆಗೂ ಹೋಗುತ್ತೆ. ಕೆಳಗೆ ಭತ್ತ, ಅಡಿಕೆ. ಈಗ ಭದ್ರಾ ನಾಲೆಯ ನೀರೂ ಕೆರೆಗೆ ಸೇರುತ್ತೆ. ಅಂದ್ರೆ ನಾನು ಧುಮುಕೋಕೆ ಹೊರಟಿದ್ದು ಯಾರದೋ ಮನೆಯ ಬಿಂದಿಗೆಗೆ.

ನಮ್ಮ ಜಿಲ್ಲೆಯಲ್ಲಿ ಈ ಮಾತಿನ ತೂಕ ಜಗಳೂರಿನವರಿಗೆ ಚೆನ್ನಾಗಿ ಗೊತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಒಂದೇ ಜಿಲ್ಲೆ, ಆದ್ರೆ ಒಂದು ಕಡೆ ಅಡಿಕೆ ತೋಟದ ನೆರಳು, ಇನ್ನೊಂದು ಕಡೆ ಮಳೆ ಇಲ್ಲದ ಬಯಲು. ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಆ ಜನ ಎಷ್ಟು ವರ್ಷ ಕಾದರು ಅನ್ನೋದನ್ನ ಅವರ ಬಾಯಲ್ಲೇ ಕೇಳಿ.

ಹಳೇ ಕಾಲದಲ್ಲಿ ಈ ನೀರಿಗೂ ಬೆಲೆ ತೆತ್ತವರು ಇದ್ದರು. ಏರಿಯ ಕೆಳಗಿನ ನೆಲ ಜೌಗು, ಬೆಳೆ ಚೆನ್ನಾಗಿದ್ರೂ ಜ್ವರದ ಕಾಟಕ್ಕೆ ಜನ ಕಡಿಮೆ ಅಂತ ರೈಸ್ ಗೆಜೆಟಿಯರ್‌ನಲ್ಲಿದೆ. ಕೆರೆ ಅಂದ್ರೆ ಬರೀ ವರ ಅಲ್ಲ.

ಈಜಲಿಲ್ಲ. ಹರಿಗೋಲಿನ ಅಂಚಲ್ಲಿ ಕೂತು, ಪುಟ್ಟಿ ಜೊತೆ ಬೊಗಸೆಯಲ್ಲಿ ನೀರು ತಗೊಂಡು ಮುಖ ತೊಳೆದೆ. ನೀವೂ ಅಷ್ಟೇ ಮಾಡಿ.

📍 ಭಾಗ 6/7 | ಹೆಸರಿನ ಕಥೆ

"ಈಗ ಕೇಳು ತಾಯಿ" ಅಂತ ಅಜ್ಜ ಶುರು ಮಾಡಿದ್ರು.

ಇಲ್ಲಿ ಸ್ವರ್ಗಾವತಿ ಅಂತ ಪಟ್ಟಣ ಇತ್ತಂತೆ. ರಾಜನ ಮಗಳು ಶಾಂತವ್ವ. ಒಂದು ಕಥೆ ಹೇಳೋ ಪ್ರಕಾರ ಅವಳು ಒಬ್ಬನಿಗೆ ಮನಸ್ಸು ಕೊಟ್ಟಳು. ಅವನು ದೇವರೇ, ಸಿದ್ಧೇಶ್ವರನೇ ಅಂತಲೂ ಹೇಳ್ತಾರೆ. ತಂದೆ ಸಿಟ್ಟಿನಲ್ಲಿ ಮಗಳನ್ನ "ಸೂಳೆ" ಅಂದ. ಆ ಮಾತು ಕಳೆದುಕೊಳ್ಳೋಕೆ ಅವಳು ಜನಕ್ಕೆ ಕೆರೆ ಕಟ್ಟಿಸಿದಳು. ಇನ್ನೊಂದು ಕಥೆಯಲ್ಲಿ, ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಜಾಗ ಕೊಡ್ತೀವಿ, ಆದ್ರೆ ಕೆರೆಗೆ ನಮ್ಮ ಹೆಸರು ಇಡಬೇಕು ಅಂದ್ರು. ಶಾಂತವ್ವ ಒಪ್ಪಿದಳು.

ಕೆರೆ 11-12ನೇ ಶತಮಾನದ್ದು ಅಂತ ಹೇಳೋ ರೂಢಿ. ಇವು ಶಾಸನದ ಮಾತಲ್ಲ, ಜನರ ಬಾಯಿಯ ಮಾತು. ಆದ್ರೂ ಗಮನಿಸಿ. ಮೊದಲ ಕಥೆಯಲ್ಲಿ ಆ ಹೆಸರು ಬೈಗುಳ. ಎರಡನೇದರಲ್ಲಿ ಅದು ಕರಾರು: ಮನೆ ಮುಳುಗಲಿ, ಹೆಸರು ಉಳಿಯಲಿ.

ಇನ್ನೊಂದು ವಿಷಯ. ಈ ಪದ ನಮಗೆ ಇವತ್ತು ಕೇಳಿಸುವ ಹಾಗೆ ಯಾವಾಗಲೂ ಕೇಳಿಸುತ್ತಿರಲಿಲ್ಲ. 8ನೇ ಶತಮಾನದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ರಾಣಿಯಲ್ಲ, ಗಣಿಕೆ. ಅವಳು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಿದ್ದು ಮಹಾಕೂಟದ ಶಾಸನದಲ್ಲಿ ಅವಳ ಹೆಸರಲ್ಲೇ ಇದೆ. 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವ. ಅವಳ ಅಂಕಿತ "ನಿರ್ಲಜ್ಜೇಶ್ವರ". ಶರಣರ ಸಾಲಿನಲ್ಲಿ ಅವಳು ಹೆಸರು ಬದಲಿಸಿಕೊಂಡು ನಿಲ್ಲಲಿಲ್ಲ, ಆ ಹೆಸರಲ್ಲೇ ನಿಂತಳು.

ಶಾಂತಿಸಾಗರ ಅನ್ನೋ ಹೆಸರಲ್ಲಿ ಶಾಂತವ್ವ ಇದ್ದಾಳೆ, ಅದು ಸರಿ. ಅವಳಿಗೆ ಸಲ್ಲಬೇಕಾದ್ದೇ. ಆದ್ರೆ ಬೋರ್ಡಿನಲ್ಲಿ, ಕರಪತ್ರದಲ್ಲಿ, ನಮ್ಮಂಥವರ ಪೋಸ್ಟಿನಲ್ಲಿ ಹಳೇ ಹೆಸರನ್ನು ಅಳಿಸಿದಾಗ ರಾಜಕುಮಾರಿ ಉಳೀತಾಳೆ, ಜಾಗ ಬಿಟ್ಟುಕೊಟ್ಟವರು ಹೋಗ್ತಾರೆ. ನೀರು ನಾವು ಇಟ್ಟುಕೊಂಡಿದ್ದೀವಿ. ಬೆಲೆಯಾಗಿ ಕೇಳಿದ್ದ ಒಂದೇ ಒಂದನ್ನ ವಾಪಸ್ ಕಿತ್ತುಕೊಂಡ ಹಾಗೆ ಅಲ್ವಾ?

ನಾನೂ ಹಿಂದಿನ ಪೋಸ್ಟುಗಳಲ್ಲಿ ಮುಜುಗರಕ್ಕೆ "ಶಾಂತಿಸಾಗರ" ಅಂತಷ್ಟೇ ಬರೆದಿದ್ದೆ. ತಪ್ಪಾಯ್ತು. ಇನ್ನುಮುಂದೆ ಎರಡೂ ಬರೀತೀನಿ.

📍 ಭಾಗ 7/7 | ದಡ

ಗಾಳಿ ಎದ್ದಿತು. ದೊಡ್ಡ ಕೆರೆಯಲ್ಲಿ ಮಧ್ಯಾಹ್ನದ ಗಾಳಿಗೆ ಅಲೆ ಏಳುತ್ತೆ, ಬುಟ್ಟಿ ದೋಣಿ ಹಿಡಿತಕ್ಕೆ ಸಿಗಲ್ಲ. ಅದಕ್ಕೇ ಅಜ್ಜ ಅರ್ಧ ದಿನಕ್ಕಿಂತ ಜಾಸ್ತಿ ಒಪ್ಪಿರಲಿಲ್ಲ. ದಡಕ್ಕೆ ಬಂದ್ವಿ.

ಹೋಗೋರಿಗೆ ನಾಲ್ಕು ಮಾತು:
🔸 ಬೆಳಗ್ಗೆ ಬೇಗ ಹೋಗಿ. ಗಾಳಿ, ಮೋಡ ಇದ್ದರೆ ನೀರಿಗೆ ಇಳಿಯಲೇಬೇಡಿ.
🔸 ಊರಿನವರನ್ನ ಕೇಳದೆ ದೋಣಿ ಹತ್ತಬೇಡಿ. ಲೈಫ್ ಜಾಕೆಟ್ ಎಲ್ಲರಿಗೂ ಇರಬೇಕು, ಮಕ್ಕಳ ಅಳತೆಯದ್ದೂ ಬೇಕು.
🔸 ತೂಬಿನ ಹತ್ತಿರ ಹೋಗಬೇಡಿ. ಈಜಬೇಡಿ. ಪ್ಲಾಸ್ಟಿಕ್ ಬಿಸಾಡಬೇಡಿ. ಕುಡಿಯೋ ನೀರು.
🔸 ವಾಪಸ್ ಬರುವಾಗ ಸಂತೇಬೆನ್ನೂರು ಪುಷ್ಕರಣಿ ನೋಡಿ. ದೊರೆಯ ನೀರು, ಜನರ ನೀರು ಎರಡೂ ಒಂದೇ ದಿನದಲ್ಲಿ ನೋಡಿದ ಹಾಗಾಗುತ್ತೆ.

ಸಂಜೆ ಅಕ್ಕ ಫೋನ್ ಮಾಡಿದ್ಲು. ಪುಟ್ಟಿ ಸ್ಪೀಕರ್ ಹಾಕಿ, ನಮ್ಮಮ್ಮ, ಚಿಕ್ಕಮ್ಮ ಎಲ್ಲ ಕೂತಿದ್ದ ಹಾಲ್‌ನಲ್ಲೇ, "ಅಮ್ಮಾ, ನಾವು ಸೂಳೆಕೆರೆಗೆ ಹೋಗಿದ್ವಿ" ಅಂದ್ಲು. ಚಿಕ್ಕಮ್ಮ ತಲೆ ಎತ್ತಿ ನನ್ನ ಮುಖ ನೋಡಿದ್ರು. ಪುಟ್ಟಿಗೆ ಅದು ಕಾಣಿಸಲೇ ಇಲ್ಲ. "ಅಲ್ಲಿದ್ದೋರು ಕೆರೆಗೆ ಜಾಗ ಕೊಟ್ರಂತೆ, ಅದಕ್ಕೆ ಅವರ ಹೆಸರು" ಅಂತ ಹೇಳಿ ಮುಗಿಸಿ, ಹರಿಗೋಲು ಬುಗುರಿ ಸುತ್ತಿದ ಕಥೆ ಶುರು ಮಾಡಿದ್ಲು.

ನಿಮ್ಮ ಊರಲ್ಲೂ ಹೀಗೆ ಹೆಸರು ಬದಲಾದ ಕೆರೆ, ಬಾವಿ, ಕಟ್ಟೆ ಇದ್ಯಾ? ಹಳೇ ಹೆಸರು ಏನು, ಯಾರು ಕಟ್ಟಿಸಿದ್ದು? ಮನೆಯ ಹಿರಿಯರನ್ನ ಕೇಳಿ ಬರೀರಿ, ಮುಂದಿನ ಸರಣಿಗೆ ಅದೇ ಬಂಡವಾಳ 🙏

#ಸೂಳೆಕೆರೆ #ಶಾಂತಿಸಾಗರ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಹರಿಗೋಲು #ನಮ್ಮಕೆರೆನಮ್ಮಕಥೆ